ಹಡರ್ಸ್‌ಫೀಲ್ಡ್‌ಗೆ ಮ್ಯಾಚ್ ನೋಡಲು ಹೊರಟಿದ್ದೀರಾ? ಸ್ಟೇಷನ್ನಿನಿಂದ ಸ್ಟೇಡಿಯಂವರೆಗೆ ರಿಯಲ್ ಏಲ್ ಮಾರ್ಗದರ್ಶಿ

ಇಂಗ್ಲೆಂಡಿನ ರೀಡಿಂಗ್ ಫುಟ್‌ಬಾಲ್ ತಂಡದ ಅಂಗಿಯಲ್ಲಿ ನೀಲಿ-ಬಿಳಿ ಪಟ್ಟೆಗಳು ಅಡ್ಡಡ್ಡ. ಉತ್ತರದ ಯಾರ್ಕ್‌ಷೈರಿನ ಹಡರ್ಸ್‌ಫೀಲ್ಡ್ ಟೌನ್ ತಂಡದ ಅಂಗಿಯಲ್ಲಿ ಅದೇ ನೀಲಿ-ಬಿಳಿ ಪಟ್ಟೆಗಳು ಉದ್ದುದ್ದ. ವಿಭೂತಿಗೂ ನಾಮಕ್ಕೂ ಇರುವಷ್ಟೇ ವ್ಯತ್ಯಾಸ. ಮೊದಲ ಸಲ ಹಡರ್ಸ್‌ಫೀಲ್ಡ್‌ಗೆ ಹೋದಾಗ ನನಗೆ ಈ ವಿಷಯ ಅಷ್ಟಾಗಿ ತಲೆಗೆ ಹೋಗಿರಲಿಲ್ಲ. ಕತ್ತಿಗೆ ರೀಡಿಂಗ್ ಸ್ಕಾರ್ಫ್ ಸುತ್ತಿಕೊಂಡು ಒಂದು ಪಬ್ಬಿನ ಬಾಗಿಲಿಗೆ ಹೋದೆ. ಅಲ್ಲಿ ನಿಂತಿದ್ದ ದಢೂತಿ ಆಸಾಮಿ ಮೊದಲು ನಕ್ಕು ಒಳಗೆ ಬಿಟ್ಟ. ಎರಡು ಹೆಜ್ಜೆ ಇಟ್ಟಿದ್ದೆ ಅಷ್ಟೆ, ಹಿಂದಿನಿಂದ ಕರೆದು ಸ್ಕಾರ್ಫಿನ ತುದಿ ಹಿಡಿದು ನೋಡಿದ. "ಇವತ್ತು ಇಲ್ಲಿ ಊರಿನವರಿಗೆ ಮಾತ್ರ, ಲವ್" ಅಂದು ವಾಪಸ್ ಕಳಿಸಿದ. ಅದಾದ ಮೇಲೆ ನಾಲ್ಕೈದು ಸಲ ಹೋಗಿದ್ದೇನೆ, ಮ್ಯಾಚ್ ಇದ್ದಾಗ, ಇಲ್ಲದಿದ್ದಾಗ. ಈ ಬರಹ ಆ ಓಡಾಟದ ಫಲ.

ನಾನು ರೀಡಿಂಗ್‌ನಲ್ಲಿ ಕೆಲಸ ಮಾಡುವವನು. ಫುಟ್‌ಬಾಲ್ ಹುಚ್ಚು ಹತ್ತಿಸಿದ್ದು ಆಫೀಸಿನ ಒಬ್ಬ ಹಿರಿಯರು. 2017ರ ಮೇ 29ರಂದು ವೆಂಬ್ಲಿಯಲ್ಲಿ ನಡೆದ ಪ್ಲೇ-ಆಫ್ ಫೈನಲ್‌ಗೆ ಅವರು ಹೋಗಿದ್ದರು. ಇದೇ ಎರಡು ತಂಡ, ಪೂರ್ತಿ ಆಟ 0-0. ಪೆನಾಲ್ಟಿಯಲ್ಲಿ 4-3ರಿಂದ ಹಡರ್ಸ್‌ಫೀಲ್ಡ್ ಗೆದ್ದು ಪ್ರೀಮಿಯರ್ ಲೀಗ್‌ಗೆ ಹೋಯಿತು. ಆಮೇಲೆ ಎರಡೂ ತಂಡ ಕೆಳಗಿಳಿದವು. 2023ರಲ್ಲಿ ರೀಡಿಂಗ್, 2024ರಲ್ಲಿ ಹಡರ್ಸ್‌ಫೀಲ್ಡ್ ಲೀಗ್ ಒನ್‌ಗೆ, ಅಂದರೆ ಮೂರನೇ ದರ್ಜೆಗೆ ಬಂದವು. "ನೋವಿಗೆ ಔಷಧಿ ಆ ಊರಲ್ಲೇ ಸಿಗತ್ತೆ, ಬಾ" ಅಂತ ನನ್ನನ್ನು ಕರೆದುಕೊಂಡು ಹೋಗಿದ್ದು ಅವರೇ. ಔಷಧಿ ಅಂದರೆ ಕ್ಯಾಸ್ಕ್ ಬಿಯರ್, ಪೀಪಾಯಿಯಲ್ಲೇ ಹುದುಗುವ ಬಿಯರ್. ರಿಯಲ್ ಏಲ್ ಅನ್ನುವುದೂ ಅದನ್ನೇ.

ನೀವು ಯಾವ ತಂಡದ ಕಡೆಯವರಾದರೂ ಸರಿ, ಲೆಕ್ಕ ಒಂದೇ. ಪಂದ್ಯಕ್ಕೆ ಹೊರಗಿನಿಂದ ಬಂದವರು ನೀವು. ಕುಡಿಯುವ ಅಭ್ಯಾಸ ಇರುವ ವಯಸ್ಕರಿಗಾಗಿ ಇದನ್ನು ಬರೆದಿದ್ದೇನೆ. ಇಲ್ಲದವರೂ ಇಲ್ಲಿನ ಪಬ್ಬುಗಳಲ್ಲಿ ಆರಾಮಾಗಿ ಕೂರಬಹುದು, ನಿಂಬೆ ಶರಬತ್ತು ಕುಡಿದರೂ ಯಾರೂ ಮುಖ ನೋಡುವುದಿಲ್ಲ.

ಹಂತ 1: ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ

ಶನಿವಾರದ ಪಂದ್ಯ ಮಾಮೂಲಿಯಾಗಿ ಮಧ್ಯಾಹ್ನ 3ಕ್ಕೆ. ಆದರೆ ಟಿವಿಗಾಗಿ 12.30ಕ್ಕೆ ಬದಲಾಗುವುದು ಜಾಸ್ತಿ. ಹಾಗಾದರೆ ಮ್ಯಾಚಿಗೆ ಮೊದಲು ಪಬ್ ಅನ್ನೋದನ್ನು ಮರೆತುಬಿಡಿ, ಎಲ್ಲವನ್ನೂ ಪಂದ್ಯದ ನಂತರಕ್ಕೆ ಇಟ್ಟುಕೊಳ್ಳಿ. 3 ಗಂಟೆಯ ಪಂದ್ಯವಾದರೆ ಸ್ಟೇಷನ್ ಹತ್ತಿರದ ಪಬ್ಬಿನಿಂದ 2.15ಕ್ಕೆ ಎದ್ದೇಳಬೇಕು. ಅಂದರೆ 12ರೊಳಗೆ ಊರು ತಲುಪಿದರೆ ನಿಮಗೆ ಸಿಗುವುದು ಎರಡು ಗಂಟೆ. ಎರಡು ಗಂಟೆಗೆ ಎರಡು ಪಬ್ ಸಾಕು. ಐದು ಪಬ್ಬಿನ ಪಟ್ಟಿ ಮಾಡಿಕೊಂಡು ಬರುವವರನ್ನು ನೋಡಿದ್ದೇನೆ. ಯಾವುದರಲ್ಲೂ ಕೂತಿರುವುದಿಲ್ಲ, ಎಲ್ಲದರಲ್ಲೂ ಕ್ಯೂ ನಿಂತಿರುತ್ತಾರೆ.

ಪಂದ್ಯದ ಟಿಕೆಟನ್ನು ನಿಮ್ಮ ತಂಡದ ಕ್ಲಬ್ಬಿನಿಂದಲೇ ಕೊಳ್ಳಿ. ಹೊರಗಿನ ಬೆಂಬಲಿಗರ ಜಾಗ ದಕ್ಷಿಣದ ಸ್ಟ್ಯಾಂಡ್. ಊರಿನವರ ಸ್ಟ್ಯಾಂಡಿನಲ್ಲಿ ಸೀಟು ಖಾಲಿ ಇದೆ ಅಂತ ಅಲ್ಲಿ ಕೊಂಡು, ಗೋಲಿಗೆ ಎದ್ದು ಕೂಗಿದರೆ ಹೊರಗೆ ಕಳಿಸುತ್ತಾರೆ.

ರೈಲಿನ ವಿಷಯದಲ್ಲಿ ಎರಡು ಎಚ್ಚರಿಕೆ. ರೀಡಿಂಗ್‌ನಿಂದ ಮ್ಯಾಂಚೆಸ್ಟರ್ ಪಿಕಡಿಲಿಗೆ ನೇರ ರೈಲಿದೆ, 3 ಗಂಟೆ ಚಿಲ್ಲರೆ. ಅಲ್ಲಿಂದ ಹಡರ್ಸ್‌ಫೀಲ್ಡ್‌ಗೆ ಇನ್ನು ಸುಮಾರು ಅರ್ಧ ಗಂಟೆ. ಅಗ್ಗದ 'ಅಡ್ವಾನ್ಸ್' ಟಿಕೆಟ್ ಕೊಂಡರೆ ದಾರಿಯಲ್ಲಿ ಇಳಿದು ಮತ್ತೆ ಹತ್ತುವ ಹಾಗಿಲ್ಲ. ನನ್ನ ಉಪಾಯ ಹೀಗಿದೆ. ಮ್ಯಾಂಚೆಸ್ಟರ್‌ವರೆಗೆ ಅಡ್ವಾನ್ಸ್, ಅಲ್ಲಿಂದ ಮುಂದಕ್ಕೆ ಬೇರೆ 'ಆಫ್-ಪೀಕ್' ಟಿಕೆಟ್. ಆಗ ನಡುವೆ ಸ್ಟಾಲಿಬ್ರಿಜ್‌ನಲ್ಲಿ ಇಳಿಯಬಹುದು. ಯಾಕೆ ಇಳಿಯಬೇಕು ಅಂತ ಮುಂದೆ ಹೇಳುತ್ತೇನೆ.

ಎರಡನೆಯದು, ಈ ಮಾರ್ಗದಲ್ಲಿ ವರ್ಷಗಳಿಂದ ಹಳಿ ಸುಧಾರಣೆ ನಡೆಯುತ್ತಿದೆ. ಅದು ನಡೆಯುವುದೂ ಹೆಚ್ಚಾಗಿ ವಾರಾಂತ್ಯದಲ್ಲೇ. ಒಂದು ಸಲ ನಾವು ವೇಳಾಪಟ್ಟಿ ನೋಡದೆ ಹೋಗಿ, ರೈಲಿನ ಬದಲು ಬಸ್ಸಿನಲ್ಲಿ ಗುಡ್ಡ ಸುತ್ತಿಕೊಂಡು ಊರು ಸೇರುವಾಗ ಪಂದ್ಯ ಶುರುವಾಗಿ 10 ನಿಮಿಷ ಆಗಿತ್ತು. ಏಲ್ ಇಲ್ಲ, ಮೊದಲ ಗೋಲೂ ಇಲ್ಲ. ಹೊರಡುವ ಹಿಂದಿನ ರಾತ್ರಿ ನ್ಯಾಷನಲ್ ರೈಲ್ ತಾಣದಲ್ಲಿ ಒಮ್ಮೆ ನೋಡಿಬಿಡಿ.

ಇನ್ನೊಂದು ಮಾತು. 25ಕ್ಕಿಂತ ಚಿಕ್ಕವರಂತೆ ಕಂಡರೆ ಗುರುತಿನ ಪತ್ರ ಕೇಳುತ್ತಾರೆ. ನಮ್ಮವರು ಬಹಳ ಜನ ವಯಸ್ಸಿಗಿಂತ ಚಿಕ್ಕವರಾಗಿ ಕಾಣುತ್ತಾರೆ. ಪಾಸ್‌ಪೋರ್ಟ್ ಹೊತ್ತು ತಿರುಗಿ ಕಳೆದುಕೊಳ್ಳುವ ಬದಲು ಇಲ್ಲಿನ ಪ್ರೊವಿಷನಲ್ ಡ್ರೈವಿಂಗ್ ಲೈಸೆನ್ಸ್ ಮಾಡಿಸಿಟ್ಟುಕೊಳ್ಳುವುದು ವಾಸಿ.

ಹಂತ 2: ಏನು ಕುಡಿಯಲು ಹೋಗುತ್ತಿದ್ದೀರಿ ಅಂತ ತಿಳಿದುಕೊಳ್ಳಿ

ಬೆಂಗಳೂರಿನಲ್ಲಿ ಬಿಯರ್ ಅಂದರೆ ಹಲ್ಲು ಜುಂ ಅನ್ನುವಷ್ಟು ತಣ್ಣಗೆ, ಬುಸ್ ಅನ್ನುವ ಗ್ಯಾಸು. ರಿಯಲ್ ಏಲ್ ಹಾಗಲ್ಲ. ಮೊದಲ ಗುಟುಕಿಗೆ "ಇದೇನಿದು, ಫ್ರಿಜ್ ಕೆಟ್ಟಿದೆಯಾ?" ಅನ್ನಿಸುತ್ತದೆ.

ಕೆಟ್ಟಿಲ್ಲ. ದೋಸೆ ಹಿಟ್ಟನ್ನು ನೆನೆಸಿಕೊಳ್ಳಿ. ರುಬ್ಬಿಟ್ಟ ಹಿಟ್ಟು ರಾತ್ರಿಯೆಲ್ಲ ಉಬ್ಬುತ್ತದೆ, ಬೆಳಿಗ್ಗೆ ಹದ, ಮರುದಿನಕ್ಕೆ ಹುಳಿ. ಕ್ಯಾಸ್ಕ್ ಏಲ್ ಕೂಡ ಹೀಗೆ ಜೀವ ಇರುವ ಪದಾರ್ಥ. ಬ್ರೂವರಿಯಿಂದ ಹೊರಡುವಾಗ ಅದರೊಳಗೆ ಯೀಸ್ಟ್ ಇನ್ನೂ ಬದುಕಿರುತ್ತದೆ. ಪಬ್ಬಿನ ನೆಲಮಾಳಿಗೆಯಲ್ಲಿ, ಪೀಪಾಯಿ ಒಳಗೇ, ಎರಡನೇ ಸಲ ಹುದುಗುತ್ತದೆ. ಅದರಲ್ಲಿರುವ ಸಣ್ಣ ಗುಳ್ಳೆಗಳೆಲ್ಲ ಆ ಹುದುಗಿನಿಂದ ಬಂದವು. ಹೊರಗಿನಿಂದ ಗ್ಯಾಸ್ ತುಂಬಿ ತಳ್ಳುವುದಿಲ್ಲ. ಸೋಸುವುದಿಲ್ಲ, ಬಿಸಿ ಮಾಡಿ ಜೀವ ತೆಗೆಯುವುದೂ ಇಲ್ಲ. ಕುಡಿಯುವ ಹದ 11ರಿಂದ 13 ಡಿಗ್ರಿ, ಮಡಕೆ ನೀರಿನ ತಂಪು. ಇನ್ನೂ ತಣ್ಣಗಾದರೆ ರುಚಿ ನಾಲಿಗೆಗೆ ಸಿಗುವುದಿಲ್ಲ.

ಸಾಮಾನ್ಯವಾಗಿ ಬಳಸುವ ಪೀಪಾಯಿಗೆ ಫರ್ಕಿನ್ ಅನ್ನುತ್ತಾರೆ. 9 ಗ್ಯಾಲನ್, ಅಂದರೆ 72 ಪೈಂಟ್. ಒಂದು ಸಲ ತೂತು ಕೊರೆದು ನಲ್ಲಿ ಬಡಿದರೆ ಒಳಗೆ ಗಾಳಿ ಸೇರಲು ಶುರು. ಮೂರು ದಿನದೊಳಗೆ ಖಾಲಿಯಾಗಬೇಕು, ಇಲ್ಲದಿದ್ದರೆ ಹುಳಿ ತಿರುಗುತ್ತದೆ. ನಮ್ಮ ಕಡೆ ಹೆಂಡ ಇಳಿಸಿದ ಹೊತ್ತು ನೋಡಿ ಕುಡಿಯುತ್ತಾರಲ್ಲ, ಅದೇ ಲೆಕ್ಕ, ಗಂಟೆಯ ಬದಲು ದಿನ. ಹಾಗಾಗಿ ರಿಯಲ್ ಏಲ್‌ಗೆ ಒಳ್ಳೆಯ ಪಬ್ ಅಂದರೆ ಜನ ತುಂಬಿರುವ ಪಬ್. ಬಿಯರ್ ಎಳೆಯುವ ಇಪ್ಪತ್ತು ಪಂಪ್ ಇಟ್ಟುಕೊಂಡು ಖಾಲಿ ಹೊಡೆಯುವ ಜಾಗಕ್ಕಿಂತ ನಾಲ್ಕೇ ಪಂಪಿದ್ದು ಗಿಜಿಗುಡುವ ಜಾಗ ಮೇಲು. ಮ್ಯಾಚ್ ದಿನ ಈ ಊರಿಗೆ ಹೋಗುವುದರಲ್ಲಿ ಇದೇ ದೊಡ್ಡ ಲಾಭ. ಆ ದಿನ ಎಲ್ಲ ಪೀಪಾಯಿಗಳೂ ಬೇಗ ಬೇಗ ಖಾಲಿಯಾಗುತ್ತಿರುತ್ತವೆ.

ಈ ಬಿಯರ್ 1970ರ ಹೊತ್ತಿಗೆ ಅಳಿದೇ ಹೋಗುವಂತಿತ್ತು. ದೊಡ್ಡ ಕಂಪನಿಗಳಿಗೆ ಕೆಗ್ ಬಿಯರ್ ಸುಲಭ. ಸೋಸಿ, ಬಿಸಿ ಮಾಡಿ, ಗ್ಯಾಸ್ ತುಂಬಿಟ್ಟರೆ ತಿಂಗಳುಗಟ್ಟಲೆ ಕೆಡದು. 1971ರಲ್ಲಿ ವಾಯವ್ಯ ಇಂಗ್ಲೆಂಡಿನ ನಾಲ್ಕು ಜನ ಗೆಳೆಯರು ಐರ್ಲೆಂಡಿಗೆ ರಜೆಗೆ ಹೋಗಿದ್ದಾಗ, ಅಲ್ಲಿನ ಪಬ್ಬಿನಲ್ಲಿ ಕೂತು ಇದರ ವಿರುದ್ಧ ಒಂದು ಸಂಘ ಕಟ್ಟಿದರು. ಅದೇ ಕ್ಯಾಮ್ರಾ. ಅವರು ಪ್ರತಿ ವರ್ಷ 'ಗುಡ್ ಬಿಯರ್ ಗೈಡ್' ತರುತ್ತಾರೆ. ಪಬ್ಬಿನ ಕಿಟಕಿಯಲ್ಲಿ ಅದರ ಸ್ಟಿಕರ್ ಕಂಡರೆ, ವರ್ಷ ಯಾವುದು ನೋಡಿ. ಈ ವರ್ಷದ್ದೋ ಹೋದ ವರ್ಷದ್ದೋ ಆದರೆ ಧೈರ್ಯವಾಗಿ ಒಳಗೆ ಹೋಗಿ. ಎಂಟು ವರ್ಷ ಹಳೆಯದಾದರೆ ಅದು ಗೋಡೆಗೆ ಅಂಟಿದ ಕಾಗದ ಅಷ್ಟೆ.

ಸಸ್ಯಾಹಾರಿಗಳು ಗಮನಿಸಬೇಕಾದ ಒಂದು ವಿಷಯ ಇದೆ, ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಪೀಪಾಯಿಯಲ್ಲಿ ತೇಲಾಡುವ ಯೀಸ್ಟನ್ನು ತಳಕ್ಕೆ ಕೂರಿಸಲು ಐಸಿಂಗ್ಲಾಸ್ ಹಾಕುವುದು ಹಳೆಯ ಪದ್ಧತಿ. ಅದು ಮೀನಿನ ಗಾಳಿಚೀಲದಿಂದ ತೆಗೆಯುವ ಅಂಟು. ಒಂದು ಸಲ ನಮ್ಮ ಜೊತೆ ಬಂದಿದ್ದ ಹಾಸನದ ಹುಡುಗ ಅರ್ಧ ಗ್ಲಾಸ್ ಮುಗಿಸಿದ ಮೇಲೆ ನಾನು ಈ ಪುರಾಣ ತೆಗೆದೆ. ಗ್ಲಾಸನ್ನು ಕೆಳಗಿಟ್ಟು, "ಅಣ್ಣಾ, ಇದನ್ನ ಮೊದಲೇ ಹೇಳೋಕ್ಕೇನಾಗಿತ್ತು?" ಅಂದ. ನ್ಯಾಯವಾದ ಮಾತು. ಈಗ ಬಹಳ ಬ್ರೂವರಿಗಳು ಅದನ್ನು ಬಿಟ್ಟಿವೆ. ಪಂಪ್ ಮೇಲೆ 'ವೀಗನ್' ಅಥವಾ 'ಅನ್‌ಫೈನ್ಡ್' ಅಂತ ಇರುತ್ತದೆ. ಇಲ್ಲದಿದ್ದರೆ ಬಾರಿನವರನ್ನು ಕೇಳಿ, ದಿನಾ ಕೇಳಿಸಿಕೊಳ್ಳುವ ಪ್ರಶ್ನೆ ಅದು. ಮೀನಂಟು ಹಾಕದ ಏಲ್ ಸ್ವಲ್ಪ ಮಬ್ಬಾಗಿರಬಹುದು, ಅದು ದೋಷವಲ್ಲ.

ಹಂತ 3: ದಾರಿಯಲ್ಲಿ ಸ್ಟಾಲಿಬ್ರಿಜ್

ಮ್ಯಾಂಚೆಸ್ಟರ್‌ನಿಂದ ಹಡರ್ಸ್‌ಫೀಲ್ಡ್‌ಗೆ ಹೋಗುವ ಕೆಲವು ರೈಲುಗಳು ಸ್ಟಾಲಿಬ್ರಿಜ್‌ನಲ್ಲಿ ನಿಲ್ಲುತ್ತವೆ. ಎಲ್ಲವೂ ನಿಲ್ಲುವುದಿಲ್ಲ, ನೋಡಿ ಹತ್ತಿ. ಅಲ್ಲಿ ಪ್ಲಾಟ್‌ಫಾರಂ ಮೇಲೆಯೇ 1885ರಿಂದ ಇರುವ ಬಫೆ ಬಾರ್ ಇದೆ. ಅಮೃತಶಿಲೆಯ ಕೌಂಟರ್, ಚಳಿಗಾಲದಲ್ಲಿ ಉರಿಯುವ ಒಲೆ, ಗೋಡೆ ತುಂಬ ರೈಲ್ವೆ ಪಟಗಳು. ನಮ್ಮ ಅರಸೀಕೆರೆ ಜಂಕ್ಷನ್ನಿನ ಕ್ಯಾಂಟೀನನ್ನು ನೂರು ವರ್ಷ ಹಾಗೇ ಕಾಪಾಡಿ, ಇಡ್ಲಿ ಜಾಗಕ್ಕೆ ಬಿಯರ್ ಇಟ್ಟ ಹಾಗೆ.

ಇಲ್ಲಿ ಒಂದು ಹಾಫ್ (ಅರ್ಧ ಪೈಂಟ್) ಏಲ್, ಜೊತೆಗೆ ಒಂದು ಬಟ್ಟಲು 'ಬ್ಲ್ಯಾಕ್ ಪೀಸ್' ತೆಗೆದುಕೊಳ್ಳಿ. ಕಂದು ಬಣ್ಣದ ಬಟಾಣಿ, ಮೆತ್ತಗೆ ಬೇಯಿಸಿ ಮೇಲೆ ವಿನಿಗರ್ ಹಾಕುತ್ತಾರೆ. ಒಗ್ಗರಣೆ ಇಲ್ಲದ ಉಸಲಿ ಅನ್ನಿ. ನನಗೇನೋ ಇಷ್ಟ. ಮುಂದಿನ ರೈಲು ನೋಡಿಕೊಂಡು ಹೊರಡಿ, ಹಡರ್ಸ್‌ಫೀಲ್ಡ್ ಅಲ್ಲಿಂದ ಅರ್ಧ ಗಂಟೆಯೊಳಗೆ.

ಈ ಹಳಿಯ ಮೇಲೆ ಡ್ಯೂಸ್‌ಬರಿ, ಮಾರ್ಸ್‌ಡನ್, ಸ್ಲೇತ್‌ವೇಟ್ ಅಂತ ಸ್ಟೇಷನ್ ಸ್ಟೇಷನ್ನಿಗೂ ಇಳಿದು ಕುಡಿಯುವ ಪ್ರಸಿದ್ಧ ಏಲ್ ಟ್ರೇಲ್ ಇದೆ. ಸ್ಲೇತ್‌ವೇಟ್ ಅಂತ ಬರೆದರೂ ಊರಿನವರು ಕರೆಯುವುದು 'ಸ್ಲಾವಿಟ್' ಅಂತ. ಮ್ಯಾಚ್ ದಿನ ಅದರ ಆಸೆ ಬೇಡ. ಶನಿವಾರ ಮದುವೆ ಮುಂಚಿನ ಪಾರ್ಟಿ ಗುಂಪುಗಳು ಕೋಳಿ ವೇಷ, ನರ್ಸ್ ವೇಷ ಹಾಕಿಕೊಂಡು ಆ ರೈಲುಗಳನ್ನು ತುಂಬಿರುತ್ತವೆ. ಅದಕ್ಕೆ ಅಂತಲೇ ಬೇರೆ ಒಂದು ದಿನ ಬನ್ನಿ, ವಾರದ ನಡುವೆ ಆದರೆ ಇನ್ನೂ ಒಳ್ಳೆಯದು.

ಹಂತ 4: ಸ್ಟೇಷನ್ನಿನಿಂದ ಹೊರಬಂದು ಹಿಂತಿರುಗಿ ನೋಡಿ

ಹಡರ್ಸ್‌ಫೀಲ್ಡ್ ಸ್ಟೇಷನ್ನಿನಿಂದ ಹೊರಗೆ ಬಂದವರು ನೇರ ಪಬ್ ಹುಡುಕಿಕೊಂಡು ಹೊರಟುಬಿಡುತ್ತಾರೆ. ಎರಡು ನಿಮಿಷ ನಿಲ್ಲಿ. ಸೇಂಟ್ ಜಾರ್ಜ್ ಚೌಕದ ನಡುವೆ ನಿಂತು ತಿರುಗಿ ನೋಡಿದರೆ ರೈಲು ನಿಲ್ದಾಣದ ಬದಲು ಎತ್ತರದ ಕಂಬಗಳ ಅರಮನೆ ಕಾಣುತ್ತದೆ. ಉಣ್ಣೆ ಮಿಲ್ಲುಗಳ ದುಡ್ಡಿನ ಕಾಲದಲ್ಲಿ, 1850ರ ಹೊತ್ತಿಗೆ ಕಟ್ಟಿ ಮುಗಿಸಿದ್ದು. ಇದೇ ಊರಿನಲ್ಲಿ 1916ರಲ್ಲಿ ಹುಟ್ಟಿ ಮುಂದೆ ಪ್ರಧಾನಿಯಾದ ಹೆರಾಲ್ಡ್ ವಿಲ್ಸನ್ ಅವರ ಪ್ರತಿಮೆ ಈ ಚೌಕಕ್ಕೆ ಸೇರಿದ್ದು. ಅವರೂ ಟೌನ್ ತಂಡದ ಅಭಿಮಾನಿ. ಚೌಕದ ಪಕ್ಕದ ಜಾರ್ಜ್ ಹೋಟೆಲಿನಲ್ಲಿ 1895ರ ಆಗಸ್ಟ್ 29ರಂದು ಉತ್ತರದ ಕ್ಲಬ್ಬುಗಳು ಸೇರಿ ರಗ್ಬಿ ಲೀಗ್ ಹುಟ್ಟುಹಾಕಿದವು. ಇನ್ನು ಈ ಸ್ಟೇಷನ್ನಿನ ಇಲಿ ಹಿಡಿಯುವ ಬೆಕ್ಕು ಫೀಲಿಕ್ಸ್‌ಗೆ 2016ರಲ್ಲಿ ಬಡ್ತಿಯೇ ಸಿಕ್ಕಿತ್ತು. 2023ರ ಕೊನೆಯಲ್ಲಿ ತೀರಿಕೊಂಡಿತು. ಊರೇ ದುಃಖಪಟ್ಟಿತು.

ಈ ಕಟ್ಟಡದಲ್ಲೇ ಎರಡು ಪಬ್ಬುಗಳಿವೆ. ಒಂದು ಬದಿಗೆ ಹೆಡ್ ಆಫ್ ಸ್ಟೀಮ್, ಇನ್ನೊಂದು ಬದಿಗೆ ಕಿಂಗ್ಸ್ ಹೆಡ್. ಹೊಸಬರಿಗೆ ನನ್ನ ಸಲಹೆ, ಇವೆರಡರಲ್ಲೇ ಪಂದ್ಯದ ಮುಂಚಿನ ಹೊತ್ತು ಕಳೆಯಿರಿ. ದಾರಿ ತಪ್ಪುವ ಭಯ ಇಲ್ಲ. ಹೊರಗಿನ ಊರಿನವರನ್ನು ದಿನಾ ನೋಡುವ ಜಾಗಗಳು. ಹೆಡ್ ಆಫ್ ಸ್ಟೀಮ್‌ನಲ್ಲಿ ಕೋಣೆ ಕೋಣೆಯಾಗಿ ಜಾಗವಿದೆ, ಗೋಡೆಗಳಲ್ಲಿ ಹಳೆ ರೈಲಿನ ಫಲಕಗಳು, ಗುಂಪಾಗಿ ಬಂದವರಿಗೆ ಅನುಕೂಲ. ಕಿಂಗ್ಸ್ ಹೆಡ್ ಏಲ್ ಕುಡಿಯುವವರ ಪಬ್. ನನ್ನನ್ನು ಕೇಳಿದರೆ ಎರಡನೆಯದೇ.

ಹಂತ 5: ಬಾರಿನ ಮುಂದೆ ಹೇಗೆ ನಡೆದುಕೊಳ್ಳಬೇಕು

ಇಲ್ಲಿ ವೇಟರ್ ಬರುವುದಿಲ್ಲ. ಟೇಬಲ್ಲಿನಲ್ಲಿ ಕೂತು ಕಾದರೆ ರಾತ್ರಿವರೆಗೂ ಕಾಯುತ್ತೀರಿ. ಬಾರಿಗೆ ನೀವೇ ಹೋಗಬೇಕು. ಅಲ್ಲಿ ಸಾಲು ಕಾಣುವುದಿಲ್ಲ, ಆದರೆ ಸಾಲು ಇದೆ. ಯಾರು ಮೊದಲು ಬಂದರು ಅಂತ ಎಲ್ಲರ ತಲೆಯಲ್ಲೂ ಲೆಕ್ಕ ಇರುತ್ತದೆ. ನಿಮ್ಮನ್ನು ಕೇಳಿದಾಗ "ಇವರು ನನಗಿಂತ ಮೊದಲು" ಅಂತ ಪಕ್ಕದವರನ್ನು ತೋರಿಸಿ. ಆ ಒಂದು ಮಾತಿಗೆ ಸಿಗುವ ಮರ್ಯಾದೆ ಇನ್ಯಾವುದಕ್ಕೂ ಸಿಗುವುದಿಲ್ಲ. ನೋಟು ಬೀಸುವುದು, ಚಿಟಿಕೆ ಹೊಡೆಯುವುದು ಮಾಡಿದರೆ ಕೊನೆಗೆ ತಳ್ಳುತ್ತಾರೆ.

ಬಾರಿನ ಮೇಲೆ ನಿಂತಿರುವ ಉದ್ದನೆಯ ಹಿಡಿಗಳೇ ಹ್ಯಾಂಡ್‌ಪಂಪ್. ಪ್ರತಿಯೊಂದರ ಮುಂದೆ ಬಿಯರಿನ ಹೆಸರು, ಬ್ರೂವರಿ, ಶೇಕಡಾ ಎಷ್ಟು ಆಲ್ಕೋಹಾಲ್ ಅಂತ ಬರೆದ ಪಂಪ್ ಕ್ಲಿಪ್. ಕ್ಲಿಪ್ ಹಿಂದಕ್ಕೆ ತಿರುಗಿದ್ದರೆ ಆ ಬಿಯರ್ ಮುಗಿದಿದೆ, ಇಲ್ಲವೇ ಇನ್ನೂ ಹದಕ್ಕೆ ಬಂದಿಲ್ಲ. ಮೊದಲ ಸಲ ಬಂದವರು 3.5ರಿಂದ 4.2 ಶೇಕಡಾ ನಡುವಿನದು ಆರಿಸಿ. 'ಬಿಟರ್' ಅಂದರೆ ಚೆಂದದ ಕಂದು, ಹದವಾದ ಕಹಿ. 'ಪೇಲ್' ಅಂದರೆ ಹುಲ್ಲಿನ ಬಣ್ಣ, ಕಿತ್ತಳೆ ಸಿಪ್ಪೆಯ ಪರಿಮಳ. 'ಮೈಲ್ಡ್' ಕಪ್ಪಗೆ, ಮೃದು. 'ಸ್ಟೌಟ್' ಅಂದರೆ ಹುರಿದ ಕಾಫಿ ಬೀಜದ ವಾಸನೆ, ನಮ್ಮವರಿಗೆ ಬಹುಬೇಗ ಹಿಡಿಸುತ್ತದೆ. ಯಾವುದು ಅಂತ ಗೊತ್ತಾಗದಿದ್ದರೆ ಒಂದು ಗುಟುಕು ರುಚಿ ನೋಡಲು ಕೇಳಬಹುದು. ಒಂದೋ ಎರಡೋ. ಹಿಂದೆ ಇಪ್ಪತ್ತು ಜನ ನಿಂತಿರುವಾಗ ಏಳು ಬಿಯರಿನ ರುಚಿ ಕೇಳಬೇಡಿ.

ಈಗ ಪಂಪ್ ಎಳೆಯುವುದನ್ನು ಗಮನವಿಟ್ಟು ನೋಡಿ. ಹಂಸದ ಕತ್ತಿನಂತೆ ಬಗ್ಗಿದ ನಳಿಗೆಯನ್ನು ಗ್ಲಾಸಿನ ತಳಕ್ಕೆ ಇಳಿಸುತ್ತಾರೆ. ಹಿಡಿಯನ್ನು ನಿಧಾನಕ್ಕೆ, ಪೂರ್ತಿ ಎಳೆಯುತ್ತಾರೆ. ಗ್ಲಾಸ್ ಒಳಗೆ ಕೆನೆ ಬಣ್ಣದ ಮೋಡ ತುಂಬುತ್ತದೆ. ಇನ್ನೊಂದು ಎಳೆತ, ಕೊನೆಗೆ ಅರ್ಧ ಎಳೆತ. ಆಮೇಲೆ ಆ ಮೋಡ ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದು, ಮೇಲೆ ಒಂದು ಬೆರಳು ದಪ್ಪ ನೊರೆ ನಿಲ್ಲುತ್ತದೆ. ಡಿಗ್ರಿ ಕಾಫಿ ನೊರೆ ಕೂರುವುದನ್ನು ನೋಡಿದವರಿಗೆ ಇದು ಪರಿಚಿತ ದೃಶ್ಯ.

ಆ ನೊರೆಗೆ ಕಾರಣ ನಳಿಗೆಯ ತುದಿಗೆ ತಿರುಪಿದ ಸಣ್ಣ ತೂತುಗಳ ಬಿರಡೆ, ಸ್ಪಾರ್ಕ್ಲರ್. ಉತ್ತರದವರಿಗೆ ಅದು ಬೇಕೇ ಬೇಕು. ದಕ್ಷಿಣದವರಿಗೆ ಅದು ಬಿಯರನ್ನು ಕೆಡಿಸುವ ಯಂತ್ರ. ನಮ್ಮ ಆಫೀಸಿನ ಹಿರಿಯರು ಒಂದು ಸಲ ಸ್ಪಾರ್ಕ್ಲರ್ ಬಿಚ್ಚಿ ಕೊಡಿ ಅಂತ ಕೇಳಿದರು. ಬಾರಿನಾಕೆ ಅವರನ್ನು ಮೇಲಿಂದ ಕೆಳಗೆ ನೋಡಿ, ಮಾತಾಡದೆ ತಿರುಪು ಬಿಚ್ಚಿದಳು. ಬಂದ ಪೈಂಟು ಚಪ್ಪಟೆ, ನೊರೆ ಇಲ್ಲ. ಅವರು ಗುಟುಕರಿಸಿ ಖುಷಿಪಟ್ಟರು. ಚಿಕೋರಿ ಬೇಕು ಬೇಡ ಅನ್ನುವ ಜಗಳದ ಹಾಗೆ, ಇದು ತೀರುವಂಥದ್ದಲ್ಲ. ನೀವು ಅತಿಥಿ, ಊರಿನ ರೀತಿಯಲ್ಲೇ ಕುಡಿಯಿರಿ. ನೊರೆ ಮಾತ್ರ ತೀರಾ ಜಾಸ್ತಿಯಾಗಿದ್ದರೆ "ಟಾಪ್ ಅಪ್ ಮಾಡ್ತೀರಾ?" ಅಂತ ಕೇಳಬಹುದು. ಅದರಲ್ಲಿ ತಪ್ಪೇನಿಲ್ಲ.

ಪೈಂಟ್ ಅಂದರೆ 568 ಎಂಎಲ್. ಹಾಫ್ ಅಂದರೆ 284. ಹಾಫ್ ಕೇಳಲು ಸಂಕೋಚ ಬೇಡ, ಬೈ-ಟು ಕಾಫಿ ಕುಡಿದು ಬೆಳೆದವರು ನಾವು. ಶೇಕಡಾ 4ರ ಒಂದು ಪೈಂಟ್‌ನಲ್ಲಿ ಸುಮಾರು 2.3 ಯೂನಿಟ್ ಆಲ್ಕೋಹಾಲ್ ಇರುತ್ತದೆ. ಇಲ್ಲಿನ ವೈದ್ಯರು ವಾರಕ್ಕೆ 14 ಯೂನಿಟ್ ಮೀರಬೇಡಿ ಅನ್ನುತ್ತಾರೆ. ಮೂರು ಪೈಂಟ್ ಆದರೆ ವಾರದ ಅರ್ಧ ಅಲ್ಲಿಗೇ ಮುಗಿಯಿತು. ನಾನು ಇಡೀ ದಿನಕ್ಕೆ ನಾಲ್ಕೈದು ಹಾಫ್‌ನಲ್ಲಿ ಮುಗಿಸುತ್ತೇನೆ. ಹಾಗಾದರೆ ಬೇರೆ ಬೇರೆ ರುಚಿಯೂ ಸಿಗುತ್ತದೆ, ಎರಡನೇ ಅರ್ಧದ ಆಟವೂ ನೆನಪಿರುತ್ತದೆ. ಕಾರಿನಲ್ಲಿ ಬಂದಿದ್ದರೆ ಓಡಿಸುವವರಿಗೆ ಏನೂ ಬೇಡ.

ಬಿಯರ್ ಕೆಟ್ಟಿದ್ದರೆ? ಮೂಗಿಗೆ ವಿನಿಗರ್ ವಾಸನೆ ಹೊಡೆದರೆ, ನಾಲಿಗೆಯ ಪಕ್ಕ ಹುಳಿ ಚುಚ್ಚಿದರೆ ಎರಡೇ ಗುಟುಕಿಗೆ ವಾಪಸ್ ಕೊಡಿ. ಮುಕ್ಕಾಲು ಕುಡಿದು ಕೊಟ್ಟರೆ ಯಾರೂ ನಂಬುವುದಿಲ್ಲ. "ಇದು ಯಾಕೋ ಸರಿಯಿಲ್ಲ ಅನ್ನಿಸ್ತಿದೆ" ಅಂತ ಮೆಲ್ಲಗೆ ಹೇಳಿದರೆ ಸಾಕು. ಒಳ್ಳೆ ಪಬ್ಬಿನವರು ಮೂಸಿ ನೋಡಿ, ಸುಮ್ನೆ ಬೇರೆಯದು ಕೊಡುತ್ತಾರೆ.

ಗುಂಪಿನಲ್ಲಿ ಬಂದಿದ್ದರೆ ರೌಂಡ್ ಪದ್ಧತಿ. ಒಬ್ಬರು ಎಲ್ಲರಿಗೂ ಕೊಳ್ಳುತ್ತಾರೆ, ಮುಂದಿನ ಸಲ ಇನ್ನೊಬ್ಬರು. ಬೇರೆಯವರದು ಕುಡಿದು ನಿಮ್ಮ ಸರದಿಗೆ ಫೋನ್ ಬಂತು ಅಂತ ಹೊರಗೆ ಹೋದರೆ, ಹತ್ತು ವರ್ಷವಾದರೂ ನೆನಪಿಟ್ಟುಕೊಂಡು ಆಡಿಕೊಳ್ಳುತ್ತಾರೆ. ಎಂಟು ಜನರ ರೌಂಡಿಗೆ ಸಿಕ್ಕಿಕೊಳ್ಳಬೇಡಿ, ಮೂರು ಜನರ ಗುಂಪು ಮಾಡಿಕೊಳ್ಳಿ. ಟಿಪ್ಸ್ ಇಡುವ ಪದ್ಧತಿ ಬಾರಿನಲ್ಲಿ ಇಲ್ಲ. ಇನ್ನು, ಬಾರಿನವರು ನಿಮ್ಮನ್ನು 'ಲವ್' ಅಂದರೆ ಗಾಬರಿಯಾಗಬೇಡಿ. ಯಾರ್ಕ್‌ಷೈರ್‌ನಲ್ಲಿ ಅದು ನಮ್ಮ 'ಮರೀ', 'ಕಣಪ್ಪ' ಇದ್ದ ಹಾಗೆ.

ಹಂತ 6: ಇನ್ನೊಂದು ಪಬ್ ಬೇಕೇ ಬೇಕು ಅಂದರೆ

ಸ್ಟೇಷನ್ನಿನಿಂದ ಕೆಲವೇ ನಿಮಿಷ ದೂರ, ಸೇಂಟ್ ಜಾನ್ಸ್ ರೋಡಿನಲ್ಲಿ ಸ್ಪೋರ್ಟ್ಸ್‌ಮನ್ ಇದೆ. 1930ರ ಸುಮಾರಿನ ಕಟ್ಟಡ, ಒಳಗೆ ಹಳೆಯ ಮರದ ಕೆಲಸ, ಅಕ್ಕಪಕ್ಕ ಸಣ್ಣ ಕೋಣೆಗಳು. ಊರಿನ ವಯಸ್ಸಾದವರು ಕೂತು ಹರಟುವ ಜಾಗ. ಅವರ ಪಕ್ಕ ಕೂತು ಒಂದು ಪ್ರಶ್ನೆ ಕೇಳಿ: ಲೀಡ್ಸ್ ರೋಡ್ ಮೈದಾನ ನೆನಪಿದೆಯಾ? 1994ರವರೆಗೆ ಟೌನ್ ಆಡುತ್ತಿದ್ದದ್ದು ಅಲ್ಲೇ. 1924, 1925, 1926, ಸತತ ಮೂರು ವರ್ಷ ಇಂಗ್ಲೆಂಡಿನ ಚಾಂಪಿಯನ್ ಆದ ಮೊದಲ ತಂಡ ಇದು. ಮೊದಲೆರಡು ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಕೈಯಲ್ಲಿ. ಆಮೇಲೆ ಅವರನ್ನು ಆರ್ಸೆನಲ್ ಕರೆದುಕೊಂಡು ಹೋಯಿತು. ನೂರು ವರ್ಷದ ಹಿಂದಿನ ಕಥೆಯನ್ನು ಮೊನ್ನೆ ನಡೆದ ಹಾಗೆ ಹೇಳುತ್ತಾರೆ.

ಪೇಟೆ ನಡುವೆ ಮಾರ್ಕೆಟ್ ವಾಕ್‌ನಲ್ಲಿ ದಿ ಕಾರ್ನರ್ ಇದೆ. ಅದು ಇದೇ ಊರಿನ ಮ್ಯಾಲಿನ್ಸನ್ಸ್ ಬ್ರೂವರಿಯವರ ಪಬ್. ಅವರ ವಿಶೇಷ, ಒಂದೇ ಬಗೆಯ ಹಾಪ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂ) ಹಾಕಿ ಮಾಡಿದ ಪೇಲ್ ಏಲ್‌ಗಳು. ಎರಡು ಬೇರೆ ಹಾಪ್‌ನವು ಒಂದೊಂದು ಹಾಫ್ ತಗೊಂಡು ಪಕ್ಕಪಕ್ಕ ಇಟ್ಟು ಕುಡಿದರೆ, ಬಾದಾಮಿ ಮಾವಿಗೂ ರಸಪುರಿಗೂ ಇರುವಂಥ ವ್ಯತ್ಯಾಸ ತಿಳಿಯುತ್ತದೆ.

ಚಾಪಲ್ ಹಿಲ್‌ನಲ್ಲಿರುವ ರ‍್ಯಾಟ್ ಅಂಡ್ ರ‍್ಯಾಚೆಟ್ ಸ್ವಲ್ಪ ದೂರ, ಊರಿನ ಇನ್ನೊಂದು ಮಗ್ಗುಲು. ಅಲ್ಲಿಗೆ ಹೋದರೆ ಸ್ಟೇಡಿಯಂಗೆ ನಡೆಯುವುದು ಜಾಸ್ತಿಯಾಗುತ್ತದೆ, ಹಾಗಾಗಿ ಬೇಗ ಬಂದವರಿಗೆ ಮಾತ್ರ. 'ವೈಟ್ ರ‍್ಯಾಟ್' ಅನ್ನುವ ಶೇಕಡಾ 4ರ ಪೇಲ್ ಏಲ್ ಹುಟ್ಟಿದ್ದು ಇಲ್ಲಿನ ನೆಲಮಾಳಿಗೆಯ ಬ್ರೂವರಿಯಲ್ಲಿ. ಹೆಸರು ಬಿಳಿ ಇಲಿ, ರುಚಿ ಚಕ್ಕೋತ. ನಾನು ಇಷ್ಟು ದೂರ ಬರುವುದಕ್ಕೆ ಅರ್ಧ ಕಾರಣ ಅದೇ.

ಎಲ್ಲಿಗೆ ಹೋದರೂ ಬಾಗಿಲಲ್ಲಿ 'ಹೋಮ್ ಫ್ಯಾನ್ಸ್ ಓನ್ಲಿ' ಅಥವಾ 'ನೋ ಅವೇ ಕಲರ್ಸ್' ಅನ್ನುವ ಬೋರ್ಡ್ ಇದೆಯಾ ನೋಡಿ. ಅದು ನಿಮ್ಮ ಮೇಲಿನ ದ್ವೇಷವಲ್ಲ, ಪೊಲೀಸರು, ಪಬ್ಬಿನವರು ಸೇರಿ ಮಾಡಿಕೊಂಡ ವ್ಯವಸ್ಥೆ. ವಾದ ಮಾಡದೆ ಮುಂದಕ್ಕೆ ಹೋಗಿ. ಸ್ಕಾರ್ಫನ್ನು ಜಾಕೆಟ್ ಒಳಗೆ ಮಡಚಿಟ್ಟುಕೊಳ್ಳುವುದು ಸುಲಭ. ಲೀಡ್ಸ್ ಥರದ ಪಕ್ಕದೂರಿನ ತಂಡದ ಜೊತೆ ಪಂದ್ಯ ಇದ್ದರೆ ಬಿಗಿ ಇನ್ನೂ ಜಾಸ್ತಿ, ಗ್ಲಾಸಿನ ಬದಲು ಪ್ಲಾಸ್ಟಿಕ್ ಲೋಟ ಬರಬಹುದು. ಒಳಗೆ ಹಾಡು ಬೇಡ, ಮಾತು ಇರಲಿ.

ಹಂತ 7: ಹೊಟ್ಟೆಗೆ

ಖಾಲಿ ಹೊಟ್ಟೆಯಲ್ಲಿ ಏಲ್ ಬೇಡ. ಪಬ್ಬಿನ ಕೌಂಟರಿನ ಪೋರ್ಕ್ ಪೈ ತಿನ್ನುವವರಿಗೆ ಸರಿ. ಸಸ್ಯಾಹಾರಿಗಳು ಚೀಸ್-ಈರುಳ್ಳಿ ಪೈ ಇದೆಯಾ ಕೇಳಿ. ಇಲ್ಲಿ ಒಂದು ಗುಂಡಿ ಇದೆ, ನೋಡಿ ಕಾಲಿಡಿ. ಯಾರ್ಕ್‌ಷೈರಿನ ಬಹಳ ಚಿಪ್ಸ್ ಅಂಗಡಿಗಳಲ್ಲಿ ಆಲೂಗಡ್ಡೆ ಕರಿಯುವುದು ಬೀಫ್ ಡ್ರಿಪ್ಪಿಂಗ್‌ನಲ್ಲಿ, ಅಂದರೆ ದನದ ಕೊಬ್ಬಿನಲ್ಲಿ. ಅದೇ ರುಚಿಯ ಗುಟ್ಟು ಅಂತ ಹೆಮ್ಮೆಯಿಂದ ಬೋರ್ಡ್ ಕೂಡ ಹಾಕಿರುತ್ತಾರೆ. ಬರೀ ಆಲೂಗಡ್ಡೆ ತಾನೇ ಅಂತ ಕೊಳ್ಳಬೇಡಿ, "ವೆಜಿಟೆಬಲ್ ಆಯಿಲಾ?" ಅಂತ ಕೇಳಿ. ಮನೆಯಿಂದ ಚಪಾತಿ ಸುತ್ತಿಕೊಂಡು ಬಂದು ರೈಲಿನಲ್ಲೇ ತಿಂದು ಇಳಿಯುವುದು ಇನ್ನೂ ಜಾಣತನ. ನಾನು ಮಾಡುವುದು ಅದನ್ನೇ.

ಹಂತ 8: ಸ್ಟೇಡಿಯಂ ಕಡೆಗೆ

2.15. ಗ್ಲಾಸನ್ನು ಬಾರಿಗೆ ವಾಪಸ್ ಇಟ್ಟು ಹೊರಡಿ. ಚೌಕದಿಂದ ನಾರ್ಥಂಬರ್‌ಲ್ಯಾಂಡ್ ಸ್ಟ್ರೀಟ್ ಹಿಡಿದು ಇಳಿದರೆ ಲೀಡ್ಸ್ ರೋಡ್. ಅಲ್ಲಿಂದ ಬಲಕ್ಕೆ ಗ್ಯಾಸ್‌ವರ್ಕ್ಸ್ ಸ್ಟ್ರೀಟ್. ಜನ ಹೋಗುವ ಕಡೆಗೇ ಹೋಗಿ, 25 ನಿಮಿಷ. ದೂರದಿಂದಲೇ ಬಾಳೆಹಣ್ಣಿನಂತೆ ಬಾಗಿದ ಬಿಳಿ ಕಮಾನುಗಳು ಕಾಣುತ್ತವೆ. 1994ರಲ್ಲಿ ತೆರೆದ ಈ ಸ್ಟೇಡಿಯಂಗೆ ಮರುವರ್ಷ ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆಯ ದೊಡ್ಡ ಪ್ರಶಸ್ತಿ ಬಂತು. ಹೆಸರು ಮಾತ್ರ ಪ್ರಾಯೋಜಕರ ಜೊತೆ ಬದಲಾಗುತ್ತಾ ಬಂದಿದೆ. ಈಗ ಅಕ್ಯು ಸ್ಟೇಡಿಯಂ. ಅದಕ್ಕೆ ಮೊದಲು, 2012ರಿಂದ, ಜಾನ್ ಸ್ಮಿತ್ಸ್ ಅನ್ನುವ ಬಿಯರಿನ ಹೆಸರಿತ್ತು. ಆ ಬ್ರ್ಯಾಂಡ್ ಹೈನೆಕನ್ ಕಂಪನಿಯದು. ನಮ್ಮ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಕೂಡ 2021ರಿಂದ ಅದೇ ಹೈನೆಕನ್ ಹಿಡಿತದಲ್ಲಿದೆ. ಅಂದರೆ ಕಿಂಗ್‌ಫಿಷರ್‌ಗೆ ದೂರದ ನೆಂಟ.

ಕಾನೂನು ಗೊತ್ತಿರಲಿ. 1985ರಿಂದ ಇರುವ ಕಾಯ್ದೆಯ ಪ್ರಕಾರ ಕುಡಿದು ತೂರಾಡುತ್ತಾ ಸ್ಟೇಡಿಯಂ ಒಳಗೆ ಹೋಗುವುದು, ಹೋಗಲು ಯತ್ನಿಸುವುದು ಅಪರಾಧ. ಬಾಟಲಿ, ಕ್ಯಾನು ಒಳಗೆ ಒಯ್ಯುವ ಹಾಗಿಲ್ಲ. ಅಭಿಮಾನಿಗಳಿಗೆಂದು ಬಾಡಿಗೆಗೆ ಹಿಡಿದ ಕೋಚ್ ಬಸ್ಸಿನಲ್ಲಿ ಮದ್ಯ ಇಟ್ಟುಕೊಳ್ಳುವುದೂ ತಪ್ಪು. ಒಳಗೆ ಸ್ಟ್ಯಾಂಡಿನ ಕೆಳಗೆ ಬಿಯರ್ ಮಾರುತ್ತಾರೆ, ಅಲ್ಲೇ ನಿಂತು ಮುಗಿಸಬೇಕು, ಮೈದಾನ ಕಾಣುವ ಜಾಗಕ್ಕೆ ಲೋಟ ತರುವಂತಿಲ್ಲ. ಆ ಬಿಯರ್ ಬಗ್ಗೆ ಹೇಳುವಂಥದ್ದೇನಿಲ್ಲ. ಚಹಾ ಕುಡಿಯಿರಿ.

ಹಂತ 9: ಪಂದ್ಯದ ನಂತರ

ಸುಮಾರು 5ಕ್ಕೆ ಬಿಡುತ್ತದೆ. ಎಲ್ಲರೂ ಒಟ್ಟಿಗೆ ಸ್ಟೇಷನ್ ಕಡೆ ನಡೆಯುತ್ತಾರೆ, ರೈಲುಗಳು ತುಂಬಿರುತ್ತವೆ. ಮೊದಲ ರೈಲಿಗೆ ನುಗ್ಗುವ ಬದಲು ಒಂದು ಗಂಟೆ ಬಿಟ್ಟು ಹೊರಡುವ ಟಿಕೆಟ್ ಮಾಡಿಸಿಟ್ಟುಕೊಳ್ಳಿ. ದೂರದವರು ಮ್ಯಾಂಚೆಸ್ಟರ್‌ನಿಂದ ಮುಂದಿನ ಕೊನೆಯ ರೈಲಿನ ಹೊತ್ತನ್ನು ಬೆಳಿಗ್ಗೆಯೇ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಬೇಕು. ಸಂಜೆ ಏಳರ ಹೊತ್ತಿಗೆ ಹುಡುಕಲು ಕೂತರೆ ಅಕ್ಷರ ಚಿಕ್ಕದಾಗಿರುತ್ತವೆ.

ಆ ಒಂದು ಗಂಟೆ ಮತ್ತೆ ಸ್ಟೇಷನ್ ಪಬ್ಬಿನಲ್ಲಿ. ಈಗ ಬಿಗಿ ಇರುವುದಿಲ್ಲ, ಎರಡೂ ಕಡೆಯವರು ಒಂದೇ ಟೇಬಲ್ಲಿನಲ್ಲಿ ಕೂತಿರುತ್ತಾರೆ. ಮಧ್ಯಾಹ್ನ ಇದ್ದ ನಾಲ್ಕು ಕ್ಲಿಪ್ ತಿರುಗಿ, ಹೊಸ ಪೀಪಾಯಿಗಳು ಬಂದಿರುತ್ತವೆ. ಹೋದ ಸಲ ನಮ್ಮ ಎದುರು ಕೂತಿದ್ದ ಅಜ್ಜ ನಮ್ಮ ಹಿರಿಯರ ಅಡ್ಡಪಟ್ಟೆ ಸ್ಕಾರ್ಫ್ ನೋಡಿ, "ವೆಂಬ್ಲಿಗೆ ಬಂದಿದ್ರಾ?" ಅಂತ ಕೇಳಿದರು. ಇವರು ಹೂಂ ಅಂದರು. "ಆ ಕಡೆ ಗೋಲಿನ ಹಿಂದೆ ನಾನಿದ್ದೆ" ಅಂದರು ಅಜ್ಜ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅಜ್ಜ ಎದ್ದು ಬಾರಿಗೆ ಹೋಗಿ ಮೂರು ಹಾಫ್ ವೈಟ್ ರ‍್ಯಾಟ್ ತಂದರು. ಒಂದರಲ್ಲಿ ನೊರೆ ಇರಲಿಲ್ಲ. "ನಿಮಗೆ ಸ್ಪಾರ್ಕ್ಲರ್ ಆಗಲ್ಲ ಅಂತ ಬಾರಿನಾಕೆ ಹೇಳಿದಳು" ಅಂದು ಅದನ್ನು ನಮ್ಮ ಹಿರಿಯರ ಮುಂದೆ ಸರಿಸಿದರು.